ಬಿಸಿಲಿಗಿಟ್ಟ ಕಾಗದ

ಗಾಜುವಾಕ, ವಿಶಾಖಪಟ್ಟಣ
10 ಜೂನ್ 2021

ಅಕ್ಕಾ,

ಫೋನಿನಲ್ಲಿ ನೀನು ನನ್ನ ಹತ್ತಿರ ತೆಲುಗು ಶುರು ಮಾಡಿದರೆ ಪಕ್ಕದಲ್ಲಿ ನಿಮ್ಮ ಅತ್ತೆ ಕೂತಿದ್ದಾರೆ ಅಂತ ಅರ್ಥ. ಇವತ್ತು ಬೆಳಿಗ್ಗೆ ಅವರು ಎದ್ದುಹೋದ ಮೇಲೆ ಮೂರು ನಿಮಿಷವಷ್ಟೇ ಕನ್ನಡ ಬಂತು. ವಾಟ್ಸಾಪೂ ಬೇಡ ಅಂದೆ, ನಿನ್ನ ಫೋನು ಅಂಗಡಿಯ ಗಲ್ಲಾದ ಮೇಲೆ ಎಲ್ಲರ ಕೈಗೂ ಸಿಗುತ್ತದೆ ಅಂದೆ. ಆಯಿತು, ಕಾಗದ ಬರೆಯುತ್ತೇನೆ. ಕನ್ನಡದ ಕಾಗದ ಆ ಮನೆಯಲ್ಲಿ ನಿನ್ನ ಹೊರತು ಯಾರಿಗೂ ಬೇಡ. ಆದರೆ ಇಷ್ಟು ಗುಟ್ಟು ಯಾಕೆ ಅಂತ ನನಗಿನ್ನೂ ಗೊತ್ತಾಗಿಲ್ಲ.

ಕೋವಿಡ್ ಇಂಜೆಕ್ಷನ್ ಹಾಕುವ ಜಾಗದಲ್ಲಿ ನಿಜಕ್ಕೂ ಏನು ನಡೆಯುತ್ತದೆ, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆ ಅಂದಿದ್ದೀಯ. ಕಂಡದ್ದನ್ನು ಬರೆಯಲು ನನಗಿಂತ ಒಳ್ಳೆಯವಳು ಸಿಗಲಾರಳು. ಮಾಡದ ಪ್ರಾಕ್ಟಿಕಲ್ಸನ್ನು ಮಾಡಿದೆ ಅಂತ ಸಹಿ ಹಾಕು ಅಂದಾಗ ಹಾಕದೆ ಕಾಲೇಜು ಬಿಟ್ಟು ಬಂದವಳು ನಾನು. ಅಪ್ಪ ಬ್ಯಾಂಕಿನಿಂದ ಬಂದು ಇವತ್ತಿಗೂ ಅದನ್ನೇ ಹೇಳುತ್ತಾರೆ: "ಒಂದು ಸಹಿ ಕಣಮ್ಮಾ, ಒಂದು ಸಹಿ!"

ನಮ್ಮ ಬೀದಿಯ ವಾರ್ಡ್ ವಾಲಂಟಿಯರ್ ಬಾಬ್ಜಿ, ನಾನು ಮನೆಯಲ್ಲಿ ಸುಮ್ಮನೆ ತಿರುಗುತ್ತಿರುವುದನ್ನು ನೋಡಿ ಮುನಿಸಿಪಲ್ ಶಾಲೆಯ ಸೆಂಟರಿನ ಗೇಟಿನಲ್ಲಿ ನಿಲ್ಲಿಸಿದ್ದಾನೆ. ಟೋಕನ್ ಕೊಡುವುದು, ಸಾಲು ನೋಡುವುದು ನನ್ನ ಕೆಲಸ. ಈ ವಾರ ಐದು ವರ್ಷದೊಳಗಿನ ಮಕ್ಕಳಿರುವ ತಾಯಂದಿರಿಗೆ ಮೊದಲು. ನಮ್ಮಂಥ ಉಳಿದ ಹುಡುಗಿಯರು ಇನ್ನೂ ಕಾಯಬೇಕು. ತಾಯಿ ಅನ್ನುವುದಕ್ಕೆ ಪುರಾವೆ ಏನು? ಸೊಂಟದ ಮೇಲೆ ಮಗು. ಅಷ್ಟೇ. ಹಾಗಾಗಿ ಮುಚ್ಚಿದ್ದ ಶಾಲೆಗೆ ಮತ್ತೆ ಮಕ್ಕಳು ಬಂದಿದ್ದಾರೆ, ಅಳುತ್ತಾ.

ಒಂದು ಮಗುವಿನ ಮೇಲೆ ನನಗೆ ಅನುಮಾನ ಬಂದಿದೆ. ಹಳದಿ ಫ್ರಾಕು, ಎಡಗೆನ್ನೆಯ ಮೇಲೆ ರೂಪಾಯಿಯಷ್ಟು ದೊಡ್ಡ ದೃಷ್ಟಿಬೊಟ್ಟು, ಕೈಯಲ್ಲಿ ಜೆಲ್ಲಿ ಪೊಟ್ಟಣ. ನಿನ್ನೆ ದಪ್ಪಗಿನ ಒಬ್ಬಾಕೆಯ ಸೊಂಟದ ಮೇಲಿತ್ತು. ಇವತ್ತು ಬೆಳಿಗ್ಗೆ ಕನ್ನಡಕದ ಒಬ್ಬಾಕೆಯ ಸೊಂಟದ ಮೇಲೆ. ಬೊಟ್ಟು ಮಾತ್ರ ಬಲಗೆನ್ನೆಗೆ ಬಂದಿತ್ತು. ಯಾರೋ ಏನೋ ನಡೆಸುತ್ತಿದ್ದಾರೆ. ಕಂಡುಹಿಡಿಯದೆ ಬಿಡುವುದಿಲ್ಲ.

ಹೆಂಗಸರನ್ನು ನರ್ಸ್ ಏನು ಕೇಳುತ್ತಾರೆ ಅಂತ ನೀನು ಕೇಳಿದ್ದೆ. ರಾಜ್ಯಶ್ರೀ ಸಿಸ್ಟರ್ ಕೇಳುವುದು ಇಷ್ಟು: ಜ್ವರ ಇದೆಯಾ, ಕೋವಿಡ್ ಬಂದಿತ್ತಾ, ಯಾವುದಾದರೂ ಔಷಧಿ ಮೈಗೆ ಆಗುವುದಿಲ್ಲವಾ, ಗರ್ಭಿಣಿಯಾ. ಹಾಲು ಕುಡಿಸುವವರಿಗೆ ಹಾಕುತ್ತಾರೆ, ಗರ್ಭಿಣಿಯರನ್ನು ವಾಪಸ್ ಕಳಿಸುತ್ತಾರೆ. ಹಾಕಲು ಅಪ್ಪಣೆ ಇಲ್ಲವಂತೆ. ಇಂಜೆಕ್ಷನ್ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ ಅನ್ನುವ ವಿಡಿಯೋ ಯಾರಾದರೂ ಕಳಿಸಿದ್ದಾರಾ ನಿನಗೆ? ನಂಬಬೇಡ. ನಿನಗೇ ಬುದ್ಧಿ ಹೇಳುವ ಕಾಲ ಬಂತಲ್ಲ ನನಗೆ.

ಧನ್ಯಾ


ಗವರ್ನರ್‌ಪೇಟೆ, ವಿಜಯವಾಡ
15 ಜೂನ್ 2021

ಧನೂ,

ನಿನ್ನ ಕಾಗದ ಸೋಮವಾರವೇ ಬಂದಿತ್ತಂತೆ. ನನ್ನ ಕೈಗೆ ಬಂದದ್ದು ಸಂಜೆ. ಅಂಚೆ ಬಂದರೆ ಅತ್ತೆ ಮೊದಲು ಸ್ಯಾನಿಟೈಸರ್ ಹೊಡೆದು ಬಾಲ್ಕನಿಯ ಕಟ್ಟೆಯ ಮೇಲೆ ಬಿಸಿಲಿಗಿಡುತ್ತಾರೆ. ಹಾಲಿನ ಪ್ಯಾಕೆಟ್, ನೋಟು, ಕೊತ್ತಂಬರಿ ಸೊಪ್ಪು, ನಿನ್ನ ಕಾಗದ, ಎಲ್ಲಕ್ಕೂ ಒಂದೇ ಮರ್ಯಾದೆ. ಎರಡನೇ ಪುಟದ ಶಾಯಿ ಅಲ್ಲಲ್ಲಿ ಹರಡಿತ್ತು, ಆದರೂ ಓದಿದೆ.

ಆ ಮಗುವಿನ ಹಿಂದೆ ಬೀಳಬೇಡ. ನೀನು ಪೊಲೀಸ್ ಅಲ್ಲ. ಯಾರಿಗೆ ಏನು ಕಷ್ಟವೋ, ಮಗುವನ್ನು ಎತ್ತಿಕೊಂಡು ಬಂದಿರುತ್ತಾರೆ. ಗೇಟಿನಲ್ಲಿ ನಿಲ್ಲಿಸಿದ್ದು ಟೋಕನ್ ಕೊಡುವುದಕ್ಕೆ, ತೀರ್ಪು ಕೊಡುವುದಕ್ಕಲ್ಲ.

ಇಲ್ಲಿ ಪಾತ್ರೆ ಅಂಗಡಿ ಮಧ್ಯಾಹ್ನ ಕರ್ಫ್ಯೂ ಆಗುವವರೆಗೆ ಮಾತ್ರ. ಹಾಗಾಗಿ ಇಡೀ ಗವರ್ನರ್‌ಪೇಟೆ ಬೆಳಿಗ್ಗೆಯೇ ಬಂದು ನಮ್ಮ ಗಲ್ಲಾದ ಮುಂದೆ ನಿಂತ ಹಾಗಿರುತ್ತದೆ. ಮಾಸ್ಕ್ ಇಳಿಸಿಯೇ ರೇಟು ಕೇಳುತ್ತಾರೆ. ನಿನ್ನ ಭಾವನಿಗೆ ಮೇ ತಿಂಗಳಲ್ಲಿ ಬಂದದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ, ಮೆಟ್ಟಿಲು ಹತ್ತಿದರೆ ಕೆಮ್ಮುತ್ತಾರೆ. ಗಲ್ಲಾದಲ್ಲಿ ನಾನೇ ಕೂರಬೇಕು.

ಮೊನ್ನೆ ಅತ್ತೆ ಒಂದು ಮಾತು ಹೇಳಿದರು. ಪಕ್ಕದ ಮನೆಯ ಅಖಿಲ್‌ಗೆ ಮೂರು ವರ್ಷ. ಅವನನ್ನು ಎತ್ತಿಕೊಂಡು ಹೋಗಿ ತಾಯಿ ಅಂತ ಹೇಳಿ ಇಂಜೆಕ್ಷನ್ ಹಾಕಿಸಿಕೊಂಡು ಬಾ ಅಂದರು. ಅವನ ಅಮ್ಮನನ್ನು ಆಗಲೇ ಒಪ್ಪಿಸಿಯೂ ಆಗಿದೆ! ಇಷ್ಟು ಮುತುವರ್ಜಿ ಯಾಕೆ ಅಂತ ಯೋಚಿಸಿದೆ. ನನಗೆ ಹಾಕಿಸಿದರೆ ನಾನು ಅಂಗಡಿ ತೆರೆದಷ್ಟು ಹೊತ್ತೂ ಗಲ್ಲಾದಲ್ಲಿ ಕೂರಬಹುದು, ಅದಕ್ಕೆ. ನನಗೆ ಸೂಜಿ ಅಂದರೆ ಭಯ ಅಂತ ಹೇಳಿ ತಪ್ಪಿಸಿಕೊಂಡಿದ್ದೇನೆ.

ವಾಪಸ್ ಕಳಿಸುತ್ತಾರೆ ಅಂದೆಯಲ್ಲ, ಹಾಗೆ ಕಳಿಸಿದವರಿಗೆ ಸಿಸ್ಟರ್ ಯಾವಾಗ ಬನ್ನಿ ಅಂತಾರೆ? ಅವರಿಗೆ ಹಾಕಿದರೆ ಏನಾಗುತ್ತದಂತೆ? ಹಾಕದಿದ್ದರೆ? ಸುಮ್ಮನೆ ಕೇಳಿದೆ. ಅಮ್ಮನಿಗೆ ಈ ಕಾಗದ ತೋರಿಸಬೇಡ.

ಅರ್ಪಿತಾ


ಗಾಜುವಾಕ
19 ಜೂನ್ 2021

ಅಕ್ಕಾ,

ಮೊದಲು ನಿನ್ನ ಶಾಯಿಯ ವಿಷಯ. ಸ್ಯಾನಿಟೈಸರ್ ಹೊಡೆದದ್ದು ಕವರಿನ ಮೇಲೆ. ಒಳಗೆ ಮಡಿಸಿಟ್ಟ ಎರಡನೇ ಪುಟಕ್ಕೆ ಅದು ಹೇಗೆ ತಲುಪಿತು? ಕವರಿನ ಅಂಚನ್ನು ಸರಿಯಾಗಿ ನೋಡು.

ಇನ್ನು ಇಲ್ಲಿ ನಡೆದದ್ದು. ಇದನ್ನು ಬರೆಯುವುದು ಕಷ್ಟವಾಗುತ್ತಿದೆ. ಬರೆಯುತ್ತೇನೆ.

ಗುರುವಾರ ಹಳದಿ ಫ್ರಾಕಿನ ಮಗು ಮತ್ತೆ ಬಂತು. ಈ ಸಲ ಹಸಿರು ಸೀರೆಯ ತೆಳ್ಳಗಿನ ಒಬ್ಬಳ ಜೊತೆ. ನನ್ನಷ್ಟೇ ವಯಸ್ಸಿರಬೇಕು. ನಾನು ಬಗ್ಗಿ ಮಗುವನ್ನೇ ಕೇಳಿದೆ, "ಪಾಪಾ, ಮೀ ಅಮ್ಮೇನಾ?" ಇವಳು ನಿನ್ನ ಅಮ್ಮನೇನಾ ಅಂತ. ಮಗು ಜೆಲ್ಲಿ ನುಂಗಿ ಸ್ಪಷ್ಟವಾಗಿ ಹೇಳಿತು, "ಅಮ್ಮ ಬಸ್‌ಲೋ ವೆಳ್ಳಿಂದಿ." ಅಮ್ಮ ಬಸ್ಸಿನಲ್ಲಿ ಹೋದಳಂತೆ. ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ, ಗೆದ್ದೆ ಅನ್ನಿಸಿತ್ತು. ನೇರ ಒಳಗೆ ಹೋಗಿ ರಾಜ್ಯಶ್ರೀ ಸಿಸ್ಟರಿಗೆ ಜೋರಾಗಿ ಹೇಳಿದೆ, ಆ ಮಗು ಈಕೆಯದಲ್ಲ ಅಂತ.

ಸಿಸ್ಟರ್ ಅವಳನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಅವಳು ತಲೆ ಅಲ್ಲಾಡಿಸಿದಳು. ಮತ್ತೆ ಕೇಳಿದರು. ಆಗ ಅವಳು ಅಳುತ್ತಾ ನಾಲ್ಕನೇ ತಿಂಗಳು ಅಂದಳು. ಸಿಸ್ಟರ್ ಮೆಲ್ಲಗೇ ಕೇಳಿದ್ದರು, ಇವಳ ಉತ್ತರ ಮಾತ್ರ ಹೊರಗಿನ ಸಾಲಿಗೂ ಕೇಳಿಸಿತು. ಸಾಲಿನಲ್ಲಿ ಅವಳ ಜೊತೆ ಕಂಪನಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಇಬ್ಬರು ಹೆಂಗಸರಿದ್ದರು.

ಮರುದಿನ ಮಗುವಿನ ನಿಜವಾದ ಅಮ್ಮ ಬಂದಳು, ದುರ್ಗಾಭವಾನಿ ಅಂತ. ಪರವಾಡದ ಔಷಧಿ ಕಂಪನಿಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಮಗುವಿನ ಹೆಸರು ಸಾಯಿಪ್ರಿಯಾ. ನಾನು ನಿಂತಲ್ಲಿಗೇ ಬಂದು ಬೈದಳು. "ಏನಮ್ಮಾ, ನನ್ನ ಮಗು ನಾನು ಕೊಟ್ಟೆ. ದುಡ್ಡು ತೊಗೊಂಡ್ನಾ? ಇಂಜೆಕ್ಷನ್ ಇಲ್ದಿದ್ರೆ ಶಿಫ್ಟ್ ಇಲ್ಲ ಅಂತಾನೆ ಕಾಂಟ್ರಾಕ್ಟರ್. ಬಸ್ಸಿನಲ್ಲಿ ಮಕ್ಕಳಿಲ್ಲದವರು ಎಲ್ಲಿಗೆ ಹೋಗಬೇಕು? ಆ ಹುಡುಗಿ ಹೊಟ್ಟೇಲಿದೆ ಅಂತ ನನಗೂ ಹೇಳಿರಲಿಲ್ಲ. ಈಗ ಇಡೀ ಬಸ್ಸಿಗೆ ಗೊತ್ತು. ಹೆರಿಗೆ ಆಗೋವರೆಗೂ ಮನೇಲಿರು ಅಂದಿದ್ದಾನೆ ಕಾಂಟ್ರಾಕ್ಟರ್. ಸಂತೋಷನಾ?" ತೆಲುಗಿನಲ್ಲಿ ಇನ್ನೂ ಖಾರವಾಗಿತ್ತು.

ನಾನು ಹೇಳಿದ್ದು ಸುಳ್ಳಲ್ಲ ಅಕ್ಕಾ. ಮಗು ಅವಳದಲ್ಲ, ಅದು ನಿಜ. ಈ ಮಾತನ್ನು ಎರಡು ದಿನದಿಂದ ನನಗೇ ಹೇಳಿಕೊಳ್ಳುತ್ತಿದ್ದೇನೆ.

ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. ನಿನಗೆ ಸೂಜಿ ಅಂದರೆ ಭಯವೇ? ನನ್ನ ಕಿವಿಗೆ ಎರಡನೇ ತೂತು ಚುಚ್ಚಿದವಳು ನೀನು, ಹೊಲಿಗೆ ಸೂಜಿಯಲ್ಲಿ, ನಗುತ್ತಾ. ಹೆಂಗಸರನ್ನು ಏನು ಕೇಳುತ್ತಾರೆ ಅಂತ ನೀನು ಫೋನಿನಲ್ಲಿ ಕೇಳಿದೆ. ವಾಪಸ್ ಕಳಿಸಿದವರ ಗತಿ ಏನು ಅಂತ ಕಾಗದದಲ್ಲಿ ಕೇಳಿದೆ. ಸುಮ್ಮನೆ ಕೇಳಿದೆ ಅಂತಲೂ ಬರೆದೆ. ಸುಮ್ಮನೆ ಕೇಳುವವರು ಹಾಗೆ ಬರೆಯುವುದಿಲ್ಲ.

ಅಕ್ಕಾ, ನೀನು ಗರ್ಭಿಣಿಯಾ?

ಧನ್ಯಾ


ಗಾಜುವಾಕ
28 ಜೂನ್ 2021

ಅಕ್ಕಾ,

ಉತ್ತರ ಬಂದಿಲ್ಲ. ನಿನ್ನೆ ಫೋನು ಮಾಡಿದರೆ "ಅಂತಾ ಬಾಗುಂದಿ, ವಾನ ಪಡುತೋಂದಿ" ಅಂದೆ. ಎಲ್ಲ ಚೆನ್ನಾಗಿದೆ, ಮಳೆ ಬರುತ್ತಿದೆ. ಯಾವ ಮಳೆ? ಅಪ್ಪ ಟಿವಿಯಲ್ಲಿ ನಿಮ್ಮೂರಿನ ಸೆಕೆ ನೋಡುತ್ತಾ ಕೂತಿದ್ದರು.

ಗೇಟಿನಲ್ಲಿ ಇನ್ನೂ ನಿಲ್ಲುತ್ತಿದ್ದೇನೆ. ಯಾವ ಮಗುವನ್ನೂ ಏನೂ ಕೇಳುತ್ತಿಲ್ಲ.

ಧನ್ಯಾ


ಗವರ್ನರ್‌ಪೇಟೆ
1 ಜುಲೈ 2021

ಧನೂ,

ಹೌದು. ಮೂರನೇ ತಿಂಗಳು.

ನಿನ್ನ ಭಾವನಿಗೂ ಹೇಳಿಲ್ಲ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಊಟಕ್ಕೆ ಕೂರುವ ಮೊದಲು ಅತ್ತೆಯ ಕಿವಿಗೆ ಹೋಗಿರುತ್ತದೆ. ಹೋದ ವರ್ಷ ಅತ್ತೆ ಎರಡನೇ ತಿಂಗಳಿಗೇ ಬೀದಿಗೆಲ್ಲ ಸಿಹಿ ಹಂಚಿದ್ದರು. ಆಮೇಲೆ ಅದು ಹೋಯಿತು. ಹೋದದ್ದಕ್ಕಿಂತ ಆಮೇಲಿನದು ಕಷ್ಟವಾಯಿತು ಧನೂ. ಪಾತ್ರೆ ಕೊಳ್ಳಲು ಬಂದವರೆಲ್ಲ "ಎನ್ನೋ ನೆಲ ಅಮ್ಮಾ?" ಅಂತ ಕೇಳುವರು. ಎಷ್ಟನೇ ತಿಂಗಳು ಅಂತ. ಇಲ್ಲ ಅಂತ ಪ್ರತಿಯೊಬ್ಬರಿಗೂ ನಾನೇ ಹೇಳಬೇಕು, ಹೇಳಿ ಚಿಲ್ಲರೆ ಕೊಡಬೇಕು. ಈ ಸಲ ಐದು ತಿಂಗಳು ತುಂಬುವವರೆಗೆ ಯಾರಿಗೂ ಇಲ್ಲ. ಅಮ್ಮನಿಗೂ ಇಲ್ಲ. ಅವಳು ಬೀಗಿತ್ತಿಗೆ ಹೇಳದೆ ಇರುವಳೇ?

ಮೊದಲು ನನಗೆ ಇಂಜೆಕ್ಷನ್ನಿನ ಮೇಲೇ ಅನುಮಾನವಿತ್ತು. ಈಗ ಇಲ್ಲ ಅಂತಲ್ಲ. ಆದರೆ ಹೋದ ವಾರ ನಮ್ಮ ಹಿಂದಿನ ಬೀದಿಯಲ್ಲಿ ಏಳು ತಿಂಗಳ ಬಸುರಿ ಕೋವಿಡ್ಡಿನಿಂದ ಹೋದಳು. ಅವಳ ಸೀಮಂತದ ತಟ್ಟೆಗಳು ನಮ್ಮ ಅಂಗಡಿಯಿಂದಲೇ ಹೋಗಿದ್ದವು. ಅವತ್ತಿನಿಂದ ಗಲ್ಲಾದ ಮುಂದೆ ಯಾರು ಕೆಮ್ಮಿದರೂ ನನ್ನ ಕೈ ಹೊಟ್ಟೆಯ ಮೇಲೆ ಹೋಗುತ್ತದೆ.

ಅತ್ತೆಯ ನಡವಳಿಕೆಯೂ ಬದಲಾಗಿದೆ. ಒಂದು ವಾರದಿಂದ ಅಖಿಲನ ಮಾತೇ ಎತ್ತುತ್ತಿಲ್ಲ. ಬೆಳಿಗ್ಗೆ ನನಗಿಂತ ಮೊದಲು ಇಳಿದು ಗಲ್ಲಾದಲ್ಲಿ ಅವರೇ ಕೂರುತ್ತಾರೆ. ನಾನು ಹೋದರೆ "ನೀನು ಒಳಗೆ ಬಿಲ್ಲು ನೋಡು" ಅನ್ನುತ್ತಾರೆ. ಹಂಡೆಗೆ ಕೈ ಹಾಕಿದರೆ ಹುಡುಗನನ್ನು ಕೂಗುತ್ತಾರೆ. ಗಲ್ಲಾದ ಕೀಲಿ ಮೂರು ವರ್ಷದಿಂದ ನನ್ನ ಸೊಂಟದಲ್ಲಿತ್ತು, ಈಗ ಅವರ ಸೊಂಟದಲ್ಲಿದೆ. ಮಗನಿಗೆ ಹುಷಾರಿಲ್ಲದಾಗ ಸೊಸೆ ಅಂಗಡಿ ಹಿಡಿದುಬಿಟ್ಟಳು ಅಂತ ಯಾರೋ ಕಿವಿ ಊದಿರಬೇಕು. ನನ್ನನ್ನು ಮೆಲ್ಲಗೆ ಹೊರಗಿಡುತ್ತಿದ್ದಾರೆ.

ಅವರು ಕಾಗದ ಓದುತ್ತಾರೆ ಅಂತ ನಿನ್ನ ಅನುಮಾನವೋ? ಕವರಿನ ಅಂಚು ಬಿಟ್ಟಿತ್ತು ನಿಜ, ಸ್ಯಾನಿಟೈಸರಿಗೆ ಅಂಟು ನಿಲ್ಲುವುದಿಲ್ಲ. ಅವರಿಗೆ ಕನ್ನಡ ಇರುವೆ ಸಾಲಿದ್ದ ಹಾಗೆ.

ಶನಿವಾರ ಅಖಿಲನನ್ನು ಎತ್ತಿಕೊಂಡು ನಾನೇ ಹೋಗುತ್ತೇನೆ. ಅತ್ತೆ ದೇವಸ್ಥಾನಕ್ಕೆ ಹೋದ ಹೊತ್ತಿನಲ್ಲಿ. ಸಿಸ್ಟರ್ ಕೇಳಿದರೆ ಗರ್ಭಿಣಿ ಅಲ್ಲ ಅನ್ನುತ್ತೇನೆ. ಆ ಗೇಟಿನಲ್ಲಿ ನೀನಿರುವುದಿಲ್ಲ, ಅದೊಂದು ಸಮಾಧಾನ.

ಅರ್ಪಿತಾ


ಗಾಜುವಾಕ
5 ಜುಲೈ 2021

ಅಕ್ಕಾ,

ನಿನ್ನ ಕಾಗದ ಇವತ್ತು ಬಂತು. ಶನಿವಾರ ಮುಗಿದು ಹೋಗಿದೆ. ಫೋನು ಮಾಡಿದರೆ ನೀನು ಎತ್ತುತ್ತಿಲ್ಲ, ಭಾವ ಎತ್ತಿ "ಮಲಗಿದ್ದಾಳಮ್ಮಾ" ಅಂದರು. ಯಾಕೆ ಮಲಗಿದ್ದಾಳೆ ಅಂತ ಕೇಳಲು ನನಗೆ ಹೆದರಿಕೆಯಾಯಿತು. ಕೇಳಿದರೆ ಅವರು ಯೋಚಿಸುತ್ತಾರೆ.

ಶುಕ್ರವಾರವೇ ದೆಹಲಿಯಿಂದ ಸುದ್ದಿ ಬಂದಿದೆ. ಗರ್ಭಿಣಿಯರೂ ಹಾಕಿಸಿಕೊಳ್ಳಬಹುದು. ನಾನು ಟಿವಿಯನ್ನು ನಂಬದೆ ರಾಜ್ಯಶ್ರೀ ಸಿಸ್ಟರನ್ನು ಕೇಳಿದೆ. ನಿಜವಂತೆ, ಸೆಂಟರಿಗೆ ಲಿಖಿತ ಆದೇಶ ಬರುವುದಷ್ಟೇ ಬಾಕಿ. ಡಾಕ್ಟರಿಗೆ ಹೇಳಿಯೇ ಹಾಕಿಸಿಕೊಳ್ಳಬೇಕು, ಮುಚ್ಚಿಡಬಾರದು ಅಂದರು. ಜ್ವರ ಬಂದರೆ ಯಾವ ಮಾತ್ರೆ ಕೊಡಬೇಕು ಅನ್ನುವುದು ಅದರ ಮೇಲೆ ನಿಂತಿದೆಯಂತೆ. ನೀನು ಹೋಗಿರದಿದ್ದರೆ ಕಾಯಿ. ಹೋಗಿದ್ದರೆ, ಏನು ಹೇಳಿ ಹಾಕಿಸಿಕೊಂಡೆ ಅಂತ ಬರೆ, ಸಿಸ್ಟರನ್ನು ಕೇಳುತ್ತೇನೆ. ನಿನ್ನ ಹೆಸರು ಹೇಳುವುದಿಲ್ಲ.

ಆ ಹಸಿರು ಸೀರೆಯವಳಿಗೂ ಸುದ್ದಿ ಮುಟ್ಟಿಸಬೇಕು ಅಂತ ಕೂರ್ಮನ್ನಪಾಲೆಂ ಜಂಕ್ಷನ್‌ನಲ್ಲಿ ಕಂಪನಿ ಬಸ್ಸಿಗೆ ಕಾದೆ. ಬಸ್ಸು ನಿಂತಿತು. ಕಿಟಕಿಯಲ್ಲಿದ್ದ ಹೆಂಗಸರು ನನ್ನನ್ನು ಗುರುತು ಹಿಡಿದರು. ಮುಖ ತಿರುಗಿಸಿಕೊಂಡರು. ದುರ್ಗಾಭವಾನಿ ಮಾತ್ರ ಕೆಳಗಿಳಿದು ಕೇಳಿಸಿಕೊಂಡು, "ಹೇಳ್ತೀನಿ. ಅವಳು ನಂಬ್ತಾಳೋ ಇಲ್ವೋ" ಅಂದು ಹತ್ತಿದಳು.

ಇನ್ನೊಂದು ಮಾತು. ನಾವು ಇಲ್ಲಿಗೆ ವರ್ಗವಾಗಿ ಬಂದಾಗ ನಾನು ತೆಲುಗು ಓದಲು ಯಾರ ಹತ್ತಿರವೂ ಕಲಿಯಲಿಲ್ಲ. ಬಸ್ಸಿನ ಬೋರ್ಡು ನೋಡುತ್ತಾ ನೋಡುತ್ತಾ ಬಂತು. ತೆಲುಗಿನ ಕಡೆಯಿಂದ ನಿಮ್ಮ ಅತ್ತೆಗೆ ಕನ್ನಡವೂ ಅಷ್ಟೇ ಹತ್ತಿರ.

ಧನ್ಯಾ


ಗವರ್ನರ್‌ಪೇಟೆ
16 ಜುಲೈ 2021

ಧನೂ,

ಮೊದಲು ನಿನಗೆ ಬೇಕಾದದ್ದು. ಹೊಟ್ಟೆಯಲ್ಲಿರುವುದು ಚೆನ್ನಾಗಿದೆ. ನಾನೂ ಚೆನ್ನಾಗಿದ್ದೇನೆ, ಎಡತೋಳು ನೋಯುತ್ತಿದೆ.

ಶನಿವಾರ ಅಖಿಲನನ್ನು ಎತ್ತಿಕೊಂಡು ಮೆಟ್ಟಿಲು ಇಳಿದೆ. ಅತ್ತೆ ದೇವಸ್ಥಾನಕ್ಕೆ ಹೋಗಿರಲಿಲ್ಲ, ಅಖಿಲನ ಅಮ್ಮ ಮೊದಲೇ ಹೇಳಿಬಿಟ್ಟಿದ್ದಳಂತೆ. ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು, ಮಡಿಲಲ್ಲಿ ಅಂಗಡಿಯ ಕೀಲಿ. "ಅಖಿಲ್‌ನಿ ದಿಂಚಮ್ಮಾ," ಅಂದರು. ಅವನನ್ನು ಇಳಿಸು. ನಾನು ಇಳಿಸಲಿಲ್ಲ. ಆಗ ಅಂದರು, "ಆ ಗೇಟಿನಲ್ಲಿ ನಿನ್ನ ತಂಗಿ ನಿಂತಿದ್ದಾಳೆ. ಈ ಗೇಟಿನಲ್ಲಿ ನಾನು."

ನಾನು ಕೂಗಾಡಿದೆ. ನನ್ನ ಕಾಗದ ಬಿಚ್ಚಲು ನೀವು ಯಾರು ಅಂದೆ. ಅಖಿಲ್ ಹೆದರಿ ಅತ್ತ. ಅತ್ತೆ ಅವನನ್ನು ತಾವೇ ಇಳಿಸಿಕೊಂಡು ಹೇಳಿದರು: ಮೊದಲನೆಯದು ಒದ್ದೆಯಾಗಿ ತಾನಾಗಿ ಬಿಚ್ಚಿಕೊಂಡಿತು, ಆಮೇಲಿನವನ್ನು ನಾನೇ ಬಿಚ್ಚಿದೆ. ಸುಳ್ಳು ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ನಿಮಗೆ ಕನ್ನಡ ಓದಲು ಬರುತ್ತದಾ ಅಂದೆ. "ನಿಮ್ಮ ಅಕ್ಷರ ನಮ್ಮ ಅಕ್ಷರವೇ ಕಣಮ್ಮಾ, ತಲೆ ಬಾಚಿಕೊಳ್ಳೋ ರೀತಿ ಬೇರೆ," ಅಂದರು. ಅರ್ಧ ಓದಿ ಅರ್ಧ ಊಹಿಸಿದರಂತೆ. ಗರ್ಭಿಣಿ ಅನ್ನುವುದು ಎರಡು ಭಾಷೆಗೂ ಒಂದೇ.

ನಿನ್ನ ಹತ್ತೊಂಬತ್ತನೇ ತಾರೀಕಿನ ಕಾಗದದಿಂದ ಅವರಿಗೆ ಗೊತ್ತು. ಗಲ್ಲಾ, ಹಂಡೆ, ಕೀಲಿ, ಎಲ್ಲ ಅದಕ್ಕೇ. ನಾನು ಅವರ ಮೇಲೆ ಕಟ್ಟಿದ್ದ ಲೆಕ್ಕವೆಲ್ಲ ತಪ್ಪು. ಆದರೆ ಅವರು ಯಾರಿಗೂ ಹೇಳಿರಲಿಲ್ಲ ಧನೂ. ಮಗನಿಗೂ ಇಲ್ಲ. ಅದನ್ನೇ ನಂಬಲಾಗಲಿಲ್ಲ ನನಗೆ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅಖಿಲನ ಮೂಗು ಒರೆಸುತ್ತಾ ಅಂದರು, "ಹೋದ ಸಲ ಎಲ್ಲರಿಗೂ ಹೇಳಿದೆ. ಆಮೇಲೆ ಎಲ್ಲರಿಗೂ ಇನ್ನೊಂದು ಸಲ ಹೇಳಬೇಕಾಯ್ತು." ಗಲ್ಲಾದ ಮುಂದೆ ನಾನೊಬ್ಬಳೇ ಉತ್ತರ ಕೊಟ್ಟೆ ಅಂದುಕೊಂಡಿದ್ದೆ. ದೇವಸ್ಥಾನದಲ್ಲಿ, ತರಕಾರಿ ಬಂಡಿಯ ಹತ್ತಿರ, ಅವರನ್ನೂ ಕೇಳಿದ್ದಾರೆ.

ನಿನ್ನ ಐದನೇ ತಾರೀಕಿನ ಕಾಗದವನ್ನು ಅವರು ಬಿಸಿಲಿಗಿಡಲಿಲ್ಲ. ಮೇಜಿನ ಮೇಲೆ ತಂದಿಟ್ಟರು. ನಾನು ಬಿಚ್ಚಿ ಜೋರಾಗಿ ಓದಿದೆ. ಕೊನೆಯಲ್ಲಿ ನೀನು ಅವರ ಬಗ್ಗೆ ಬರೆದ ಸಾಲು ಬಂದಾಗ ನಿಲ್ಲಿಸಿದೆ. "ಚದುವು," ಅಂದರು, ಓದು ಅಂತ. ಓದಿದೆ. ಮೊದಲ ಸಲ ನಕ್ಕರು.

ಬುಧವಾರ ಇಲ್ಲಿನ ಸೆಂಟರಿಗೆ ಆದೇಶ ಬಂತು. ಡಾಕ್ಟರನ್ನು ಕೇಳಿಯೇ ಹೋದೆವು, ಅತ್ತೆ ಜೊತೆಗೆ ಬಂದರು, ಮಗು ಇಲ್ಲದೆ. ಸಿಸ್ಟರ್ ಕೇಳಿದರು. ನಾನು ಹೌದು ಅಂದೆ. ಜೋರಾಗಿ ಅನ್ನಲಿಲ್ಲ. ಹಿಂದೆ ಅಂಗಡಿಯ ಗಿರಾಕಿ ಹೆಂಗಸೊಬ್ಬಳು ನಿಂತಿದ್ದಳು, ಕತ್ತು ಮುಂದೆ ಚಾಚಿದಳು. ಅತ್ತೆ ಅವಳ ಕಡೆ ತಿರುಗಿ ಕುಕ್ಕರಿನ ರೇಟು ಮಾತಾಡಲು ಶುರು ಮಾಡಿದರು. ನನ್ನ ತೋಳಿಗೆ ಸೂಜಿ ಹೋಗಿ ಬರುವವರೆಗೂ ನಿಲ್ಲಿಸಲಿಲ್ಲ.

ಕಾಗದ ಬಿಚ್ಚಿದ್ದನ್ನು ನಾನಿನ್ನೂ ಕ್ಷಮಿಸಿಲ್ಲ. ಅವರಿಗೂ ಅದು ಗೊತ್ತು. ನಿನ್ನ ಭಾವನಿಗೆ ಮಾತ್ರ ನಿನ್ನೆ ಹೇಳಿದೆ. ಬಾಯಿಗೆ ಬೀಗ ಹಾಕಿಸುವ ಕೆಲಸ ಅತ್ತೆಯದು. ನಿನಗೆ ಯಾರು ಹಾಕಿಸಬೇಕೋ ತಿಳಿಯದು. ಐದು ತಿಂಗಳು ತುಂಬಲು ಇನ್ನೂ ಇದೆ, ಅಮ್ಮ ಕೇಳುತ್ತಾಳೆ, ನೀನು ಸುಳ್ಳು ಹೇಳುವುದಿಲ್ಲ. ಅದೇ ನನ್ನ ಚಿಂತೆ.

ಅರ್ಪಿತಾ


ಗಾಜುವಾಕ
22 ಜುಲೈ 2021

ಹೈಮಾವತಿ ಅತ್ತೆಯವರಿಗೆ ನಮಸ್ಕಾರ.

ಈ ಕಾಗದ ಮೊದಲು ನಿಮ್ಮ ಕೈಗೆ ಬರುತ್ತದೆ. ಅದಕ್ಕೇ ಅಕ್ಷರ ದೊಡ್ಡದಾಗಿ ಬಿಡಿಸಿ ಬರೆದಿದ್ದೇನೆ. ಇಷ್ಟು ಓದಿ, ಉಳಿದದ್ದನ್ನು ಅಕ್ಕನಿಗೆ ಕೊಟ್ಟುಬಿಡಿ. ಕೊಡುತ್ತೀರಿ ಅಂತ ಅರ್ಧ ನಂಬಿದ್ದೇನೆ.

ಅಕ್ಕಾ,

ಇಲ್ಲಿಯೂ ಆದೇಶ ಬಂದಿದೆ. ನಿನ್ನೆ ಹಸಿರು ಸೀರೆಯವಳು ಬಂದಳು. ಹಸಿರು ಸೀರೆಯಲ್ಲ, ಬೇರೆ. ನಾನೇ ಅವಳನ್ನು ಹಾಗೆ ಕರೆಯುತ್ತಿದ್ದೇನೆ, ಹೆಸರು ಕೇಳುವ ಧೈರ್ಯ ಬಂದಿಲ್ಲ. ಮಗು ಇಲ್ಲದೆ ಒಬ್ಬಳೇ ಬಂದಳು. ಸಾಲಿನಲ್ಲಿ ಜನ ಬಹಳ ಇದ್ದರು. ಅವಳು ನನ್ನ ಮುಂದೆ ಬಂದಾಗ ಬಾಯಿ ತೆರೆಯುವ ಮೊದಲೇ ಟೋಕನ್ ಕೊಟ್ಟು, ಒಳಗೆ ಫ್ಯಾನಿನ ಕೆಳಗೆ ಕುರ್ಚಿ ಇದೆ ಅಂದೆ. ಟೋಕನ್ ತೆಗೆದುಕೊಂಡಳು. ನನ್ನ ಮುಖ ನೋಡಲಿಲ್ಲ. ಇಂಜೆಕ್ಷನ್ ಆಗಿ ಹೊರಗೆ ಹೋಗುವಾಗಲೂ ನೋಡಲಿಲ್ಲ. ಶಿಫ್ಟಿಗೆ ಇನ್ನೂ ಕರೆದಿಲ್ಲವಂತೆ, ದುರ್ಗಾಭವಾನಿ ಹೇಳಿದಳು.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು, "ಹದಿನೈದು ದಿನಕ್ಕೊಂದು ಕಾಗದ ಬರ್ತಿದೆ. ಏನೇ ಅಂಥದ್ದು? ಅರ್ಪಿತಾ ಹೇಗಿದಾಳೆ? ನಿಜ ಹೇಳು."

ಅಪ್ಪ ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ಈ ಮನೆಯಲ್ಲಿ ನಿಜ ಬೇಕಾದರೆ ನನ್ನನ್ನೇ ಕೇಳುವುದು.

"ಇಂಜೆಕ್ಷನ್ ಹಾಕಿಸಿಕೊಂಡ್ಳಂತೆ," ಅಂದೆ. "ತೋಳು ನೋಯ್ತಿದೆಯಂತೆ. ಅವಳ ಅತ್ತೆ ಜೊತೆಗೇ ಹೋಗಿದ್ರಂತೆ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಅಮ್ಮ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ನಾನು ಇನ್ನಷ್ಟು ಸಾರು ಹಾಕು ಅಂದೆ.

ಧನ್ಯಾ